‘ಮೌಸರ್’ ಎಂದಷ್ಟೇ ಬರೆದು ನಿಲ್ಲಿಸಬೇಡಿ

ಹಳೆಯ ಮೌಸರ್ ಪಿಸ್ತೂಲುಗಳನ್ನು ಕಾಪಾಡುತ್ತಿರುವ ವಸ್ತುಸಂಗ್ರಹಾಲಯಗಳ ಪಾಲಕರಿಗೆ, ಪೊಲೀಸ್ ಶಸ್ತ್ರಾಗಾರಗಳ ಆರ್ಮರರ್‌ಗಳಿಗೆ, ಅಜ್ಜ ಮುತ್ತಜ್ಜಂದಿರ ಆಯುಧವನ್ನು ಲೈಸೆನ್ಸಿನ ಮೇಲೆ ಇಟ್ಟುಕೊಂಡಿರುವ ಮನೆತನದವರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ನಿಮ್ಮಲ್ಲಿರುವ ಪಿಸ್ತೂಲಿನ ಪಕ್ಕದ ಚೀಟಿಯಲ್ಲಿ ಬಹುಪಾಲು ಇಷ್ಟೇ ಇರುತ್ತದೆ: ‘ಮೌಸರ್ ಪಿಸ್ತೂಲು, ಜರ್ಮನಿ’. ಕೆಲವು ಕಡೆ ಅದರ ಕೆಳಗೆ ‘ಕ್ರಾಂತಿಕಾರಿಗಳು ಬಳಸಿದ್ದು’ ಎಂಬ ಸಾಲೂ ಸೇರಿರುತ್ತದೆ. ದಾಖಲೆ ಪುಸ್ತಕ ತೆರೆದರೆ ಬೋರ್ ಎಷ್ಟು, ಯಾವ ವರ್ಷ ಇಲ್ಲಿಗೆ ಬಂತು, ಅಲ್ಲಿಗೆ ಮುಗಿಯಿತು. ನಾನು ಬರೆಯುತ್ತಿರುವುದು ಆ ಚೀಟಿಯ ಬಗ್ಗೆ. ಎಣ್ಣೆ ಬಟ್ಟೆ ಕೈಗೆತ್ತಿಕೊಳ್ಳುವ ಮೊದಲು, ಸವೆದ ಹಿಡಿಯನ್ನು ಬದಲಿಸುವ ಮೊದಲು, ನಾಶಪಡಿಸಬೇಕಾದ ಆಯುಧಗಳ ಪಟ್ಟಿಗೆ ಸೇರಿಸುವ ಮೊದಲು, ಆ ಉಕ್ಕಿನ ಮೈಮೇಲೆ ಇರುವುದನ್ನೆಲ್ಲ ಓದಿ ಬರೆದಿಡಿ ಎಂದು ಕೇಳಿಕೊಳ್ಳುವುದು ನನ್ನ ಉದ್ದೇಶ. ಇದು ಶೋಕಿಯ ಮಾತಲ್ಲ. ನಮ್ಮ ಸ್ವಾತಂತ್ರ್ಯ ಹೋರಾಟದ ಕೆಲವು ಪುಟಗಳಿಗೆ ಉಳಿದಿರುವ ನೇರ ಸಾಕ್ಷಿ ಈ ಪಿಸ್ತೂಲುಗಳೇ. ಅವುಗಳಲ್ಲಿ ಯಾವುದು ಸಾಕ್ಷಿ, ಯಾವುದು ಬರೀ ಹೆಸರು ಹೊತ್ತು ಕೂತಿದೆ ಎಂದು ತಿಳಿಯುವುದಕ್ಕೆ ಅವುಗಳ ಮೈ ಓದುವುದನ್ನು ಬಿಟ್ಟರೆ ನಂಬಬಹುದಾದ ದಾರಿ ಕಡಿಮೆ.

ಮೊದಲು ಮೌಸರ್ ಅಲ್ಲದ ಒಂದು ಪಿಸ್ತೂಲಿನ ಕಥೆ ಹೇಳುತ್ತೇನೆ. 1928ರ ಡಿಸೆಂಬರ್ 17ರಂದು ಲಾಹೋರಿನಲ್ಲಿ ಬ್ರಿಟಿಷ್ ಪೊಲೀಸ್ ಅಧಿಕಾರಿ ಸಾಂಡರ್ಸ್ ಹತ್ಯೆಯಾಯಿತು. ಆ ಮೊಕದ್ದಮೆಯ ದಾಖಲೆಯಲ್ಲಿ ಭಗತ್ ಸಿಂಗರ .32 ಬೋರಿನ ಕೋಲ್ಟ್ ಆಟೊಮ್ಯಾಟಿಕ್ ಪಿಸ್ತೂಲಿನ ನಂಬರು 168896 ಎಂದು ಬರೆದಿತ್ತು. ಪಿಸ್ತೂಲು ಮಾತ್ರ ಎಲ್ಲೋ ಕಳೆದುಹೋಗಿತ್ತು. ಪಂಜಾಬಿನ ಫಿಲ್ಲೌರ್ ಪೊಲೀಸ್ ತರಬೇತಿ ಕೇಂದ್ರದಿಂದ 1969ರಲ್ಲಿ ಇತರ ಆಯುಧಗಳ ಜೊತೆ ಅದು ಇಂದೋರಿನ ಗಡಿ ಭದ್ರತಾ ಪಡೆಯ ಕೇಂದ್ರಕ್ಕೆ ಹೋಗಿ, ಅಲ್ಲಿನ ಸಂಗ್ರಹದಲ್ಲಿ ಹತ್ತರಲ್ಲಿ ಒಂದಾಗಿ, ಮೈತುಂಬ ಕಪ್ಪು ಬಣ್ಣ ಬಳಿಸಿಕೊಂಡು ದಶಕಗಳ ಕಾಲ ಇತ್ತು. 2016ರ ಸುಮಾರಿಗೆ ಬಣ್ಣ ತೆಗೆದು ನೋಡಿದಾಗ ಕೆಳಗೆ ಅದೇ ನಂಬರು ಸಿಕ್ಕಿತು. ಇಂದು ಆ ಪಿಸ್ತೂಲು ಹುಸೇನಿವಾಲಾದಲ್ಲಿದೆ. ಅದನ್ನು ಸಾವಿರಾರು ಜನ ಭಗತ್ ಸಿಂಗರದೆಂದು ನಂಬಿ ನೋಡಲು ಕಾರಣ ಯಾರೋ ಹೇಳಿದ ಕಥೆ ಅಲ್ಲ, ಆರು ಅಂಕಿಗಳು. ಆ ಬಣ್ಣದ ಬದಲು ಯಾರಾದರೂ ಉಜ್ಜುವ ಕಾಗದ ಹಿಡಿದಿದ್ದರೆ?

ಈಗ ಮೌಸರ್‌ಗೆ ಬರೋಣ. ಜರ್ಮನಿಯ ನೆಕಾರ್ ನದಿಯ ದಡದ ಒಬರ್ನ್‌ಡಾರ್ಫ್ ಎಂಬ ಊರಿನ ಕಾರ್ಖಾನೆಯಲ್ಲಿ ಫೀಡರ್ಲೆ ಸಹೋದರರು ಇದನ್ನು ರೂಪಿಸಿದರು. ಮೊದಲ ಮಾದರಿ 1895ರ ಮಾರ್ಚಿನಲ್ಲಿ ಸಿದ್ಧವಾಯಿತು, ಪೇಟೆಂಟ್ ಪೌಲ್ ಮೌಸರ್ ಹೆಸರಿನಲ್ಲಿ ಬಂತು. ಸಿ96 ಎಂಬ ಹೆಸರು 1896ನೇ ಇಸವಿಯಿಂದ ಬಂದದ್ದು. ಟ್ರಿಗರಿನ ಮುಂದೆ ಕಟ್ಟಿದ ಮ್ಯಾಗಜೀನಿಗೆ ಹತ್ತು ತೋಟಾಗಳನ್ನು ಕ್ಲಿಪ್ಪಿನಿಂದ ಮೇಲಿನಿಂದಲೇ ತುಂಬುತ್ತಾರೆ. ಪಿಸ್ತೂಲನ್ನು ಇಡುವ ಮರದ ಪೆಟ್ಟಿಗೆಯನ್ನೇ ಹಿಡಿಯ ಹಿಂದೆ ಸಿಕ್ಕಿಸಿದರೆ ಅದು ಭುಜಕ್ಕೆ ಆನಿಸುವ ಬಂದೂಕಾಗುತ್ತದೆ. ಒಳಗಿನ ಯಂತ್ರ ಒಂದಕ್ಕೊಂದು ಸಿಕ್ಕಿಕೊಂಡು ನಿಲ್ಲುತ್ತದೆ. ಹಿಡಿಯ ಮರವನ್ನು ಕಟ್ಟುವುದನ್ನು ಬಿಟ್ಟರೆ ಬೇರೆಲ್ಲೂ ಸ್ಕ್ರೂ ಇಲ್ಲ. ಇಂಥ ಕಸುಬುದಾರಿಕೆ ನೋಡಿದಾಗ ನನಗೆ ಇವತ್ತಿಗೂ ಗೌರವ ಉಕ್ಕುತ್ತದೆ, ಅದರಿಂದ ಏನೇನು ನಡೆಯಿತು ಎಂಬುದು ಗೊತ್ತಿದ್ದರೂ.

1930ರ ದಶಕದ ಕೊನೆಯವರೆಗೆ ಸುಮಾರು ಹತ್ತು ಲಕ್ಷ ಪಿಸ್ತೂಲುಗಳು ತಯಾರಾದವು. ನಲವತ್ತು ವರ್ಷಗಳಲ್ಲಿ ಹ್ಯಾಮರ್, ಸೇಫ್ಟಿ, ನಳಿಗೆ, ಸೈಟು, ಹಿಡಿ, ಮುದ್ರೆ ಎಲ್ಲವೂ ಬದಲಾಗುತ್ತ ಹೋದವು. ದುರದೃಷ್ಟ ಏನೆಂದರೆ, 1945ರಲ್ಲಿ ಫ್ರೆಂಚ್ ಸೇನೆ ಒಬರ್ನ್‌ಡಾರ್ಫನ್ನು ಹಿಡಿದು ಕಾರ್ಖಾನೆಯನ್ನು ಕಳಚಿಹಾಕಿದಾಗ ಅದರ ಕಡತಗಳಲ್ಲಿ ಹೆಚ್ಚಿನವು ಹಾಳಾದವು. ಹಾಗಾಗಿ ಇಂಥ ನಂಬರು ಇಂಥ ವರ್ಷದ್ದು ಎಂದು ಇಂದು ನಾವು ಹೇಳುವುದೆಲ್ಲ ಉಳಿದಿರುವ ಪಿಸ್ತೂಲುಗಳನ್ನು ಒಂದಕ್ಕೊಂದು ಹೋಲಿಸಿ ಸಂಗ್ರಾಹಕರು ಕಟ್ಟಿದ ಲೆಕ್ಕ. ಕಾರ್ಖಾನೆಯ ಪುಸ್ತಕ ಇಲ್ಲದ ಮೇಲೆ ಪಿಸ್ತೂಲುಗಳೇ ಪುಸ್ತಕ. ಅದರ ಒಂದಷ್ಟು ಹಾಳೆಗಳು ನಿಮ್ಮ ಬೀರುವಿನಲ್ಲಿವೆ.

ಓದಲು ಎಲ್ಲಿಂದ ಶುರು ಮಾಡಬೇಕು ಎಂದು ಕೇಳಿದರೆ, ಹ್ಯಾಮರಿನಿಂದ ಎನ್ನುತ್ತೇನೆ. ಯಾವುದನ್ನೂ ಬಿಚ್ಚುವುದು ಬೇಡ, ಗಾಜಿನಾಚೆಯಿಂದಲೂ ಕಾಣುತ್ತದೆ. ತೀರ ಮೊದಲಿನವುಗಳ ಹ್ಯಾಮರಿನ ತುದಿಯ ಎರಡೂ ಬದಿಯಲ್ಲಿ ಶಂಕುವಿನಂತೆ ಉಬ್ಬಿದ ಭಾಗವಿದ್ದು, ಅದರ ಮೇಲೆ ಒಂದರೊಳಗೊಂದು ಬಳೆಗೆರೆಗಳಿವೆ. ಸಂಗ್ರಾಹಕರು ಇದನ್ನು ಕೋನ್ ಹ್ಯಾಮರ್ ಎನ್ನುತ್ತಾರೆ. ಇದು ಸುಮಾರು 1899ರವರೆಗೆ. ಆಮೇಲೆ ದೊಡ್ಡ ತೂತಿನ ಅಗಲವಾದ ಉಂಗುರದ ಹ್ಯಾಮರ್ ಬಂತು. ಹ್ಯಾಮರ್ ಕೆಳಗಿದ್ದಾಗ ಅದು ಹಿಂದಿನ ಸೈಟಿಗೆ ಅಡ್ಡ ಬರುವಷ್ಟು ದೊಡ್ಡದು. ಪಿಸ್ತೂಲು ಹೊಡೆಯಲು ಸಿದ್ಧವಾಗಿಲ್ಲ ಎಂದು ಗುರಿ ಹಿಡಿದವನಿಗೆ ಗೊತ್ತಾಗಲಿ ಎಂಬುದೇ ಅದರ ಕಾರಣ ಎನ್ನುತ್ತಾರೆ. 1904-05ರ ಸುಮಾರಿಗೆ ಉಂಗುರ ಚಿಕ್ಕದಾಯಿತು. 1912ರ ಹೊತ್ತಿಗೆ ‘ಹೊಸ ಸೇಫ್ಟಿ’ ಬಂತು. ಇದರಲ್ಲಿ ಹ್ಯಾಮರನ್ನು ಸ್ವಲ್ಪ ಹಿಂದಕ್ಕೆ ಎಳೆದ ಹೊರತು ಸೇಫ್ಟಿ ಕೂರುವುದಿಲ್ಲ. ಸ್ವಲ್ಪ ಕಾಲದ ಮೇಲೆ ಹ್ಯಾಮರಿನ ಬೆನ್ನಿನ ಮೇಲೆ ಎನ್ ಮತ್ತು ಎಸ್ ಅಕ್ಷರಗಳು ಹೆಣೆದುಕೊಂಡ ಗುರುತು ಕಾಣತೊಡಗಿತು. ಜರ್ಮನ್ ಭಾಷೆಯ ‘ನೋಯೆ ಸಿಷೆರುಂಗ್’ ಎಂಬುದರ ಮೊದಲಕ್ಷರಗಳು ಅವು.

ಈ ಒಂದೇ ತಿಳಿವಳಿಕೆ ಎಷ್ಟು ದೂರ ಕರೆದುಕೊಂಡು ಹೋಗುತ್ತದೆ ಎಂಬುದಕ್ಕೆ ನಮ್ಮ ಬೆಂಗಳೂರಿಗೆ ತಾಗಿದ ಉದಾಹರಣೆಯೇ ಇದೆ. ವಿನ್‌ಸ್ಟನ್ ಚರ್ಚಿಲ್ 1896ರ ಅಕ್ಟೋಬರಿನಲ್ಲಿ ತನ್ನ ಅಶ್ವದಳದ ಜೊತೆ ಭಾರತಕ್ಕೆ ಬಂದ. ಬೊಂಬಾಯಿಯ ಸಸೂನ್ ಡಾಕಿನಲ್ಲಿ ದೋಣಿಯಿಂದ ಇಳಿಯುವಾಗ ಗೋಡೆಯ ಕಬ್ಬಿಣದ ಬಳೆ ಹಿಡಿದು, ದೋಣಿ ತೂಗಿ, ಅವನ ಬಲ ಭುಜದ ಕೀಲು ತಪ್ಪಿತು. ಆ ನೋವನ್ನು ಹೊತ್ತೇ ಬೆಂಗಳೂರಿನ ದಂಡುಪ್ರದೇಶಕ್ಕೆ ಬಂದು ಪೋಲೋ ಆಡಿದ, ಪುಸ್ತಕ ಓದಿದ. ಆ ಭುಜ ಮಾತ್ರ ಪೂರ್ತಿ ಸರಿಹೋಗಲಿಲ್ಲ. ಹಾಗಾಗಿಯೇ 1898ರ ಸೆಪ್ಟೆಂಬರ್ 2ರಂದು ಸುಡಾನಿನ ಒಮ್ದುರ್ಮಾನ್ ಕಾಳಗದಲ್ಲಿ ಕತ್ತಿ ಬೀಸುವ ಬದಲು ಮೌಸರ್ ಹಿಡಿದ. ಬ್ರಿಟಿಷ್ ಅಧಿಕಾರಿಗಳು ತಮ್ಮ ಪಿಸ್ತೂಲನ್ನು ತಾವೇ ದುಡ್ಡು ಕೊಟ್ಟು ಕೊಳ್ಳುತ್ತಿದ್ದ ಕಾಲ ಅದು. ಲಂಡನ್ನಿನ ವೆಸ್ಟ್ಲಿ ರಿಚರ್ಡ್ಸ್ ಅಂಗಡಿ ಈ ಜರ್ಮನ್ ಪಿಸ್ತೂಲನ್ನು ತನ್ನ ಹೆಸರು ಕೆತ್ತಿ ಮಾರುತ್ತಿತ್ತು. ಅಂದಮೇಲೆ ಯಾರಾದರೂ ದೊಡ್ಡ ಉಂಗುರದ ಹ್ಯಾಮರಿನ ಮೌಸರ್ ಒಂದನ್ನು ಮುಂದಿಟ್ಟು ಇದು ಚರ್ಚಿಲ್ ಒಮ್ದುರ್ಮಾನಿನಲ್ಲಿ ಹಿಡಿದದ್ದು ಎಂದರೆ, ಕಾಗದಪತ್ರ ನೋಡುವ ಮೊದಲೇ ಅನುಮಾನಿಸಬೇಕು. ಆ ಹ್ಯಾಮರ್ ಬಂದದ್ದೇ ಮರುವರ್ಷ.

ಹ್ಯಾಮರ್ ಒಂದನ್ನೇ ನಂಬುವಂತಿಲ್ಲ ಎಂಬುದನ್ನೂ ಹೇಳಬೇಕು. ಹ್ಯಾಮರ್ ಮುರಿದರೆ ಬೇರೆ ಹಾಕುತ್ತಾರೆ. ಒಂದು ಲಕ್ಷಣ ಬಂದು, ಹೋಗಿ, ಮತ್ತೆ ಬಂದಿರುವುದೂ ಉಂಟು. ಚೌಕಟ್ಟಿನ ಎರಡು ಬದಿಗಳನ್ನು ನೋಡಿ. ಹೆಚ್ಚಿನವುಗಳಲ್ಲಿ ಅಲ್ಲಿ ಚೌಕಾಕಾರದ ತಗ್ಗುಗಳನ್ನು ಕೊರೆದಿರುತ್ತಾರೆ. 1899ರಿಂದ ಸುಮಾರು 1902ರವರೆಗೆ ತಯಾರಾದವುಗಳಲ್ಲಿ ಆ ತಗ್ಗುಗಳಿಲ್ಲ, ಬದಿ ನುಣ್ಣಗಿದೆ. ಇಟಲಿಯ ನೌಕಾಪಡೆ 1899ರಲ್ಲಿ ಕೊಂಡ 5,000 ಪಿಸ್ತೂಲುಗಳು ಈ ಬಗೆಯವು. ಅದಾದ ಮೇಲೆ ತಗ್ಗುಗಳು ಮರಳಿ ಬಂದವು. ತಗ್ಗು ಇದೆ, ಆದ್ದರಿಂದ ಹಳೆಯದು ಎಂದು ಒಬ್ಬರು ಬರೆದರೆ, ತಗ್ಗು ಇದೆ, ಆದ್ದರಿಂದ ಹೊಸದು ಎಂದು ಇನ್ನೊಬ್ಬರು ಬರೆಯಬಹುದು. ಇಬ್ಬರದೂ ಅರ್ಧ ಓದು.

ಇಟಲಿಯ ಆ 5,000 ಪಿಸ್ತೂಲುಗಳು ಇನ್ನೊಂದು ಪಾಠವನ್ನೂ ಕಲಿಸುತ್ತವೆ. ಅವುಗಳ ನಂಬರು 1ರಿಂದ ಶುರು. ಕಾರ್ಖಾನೆಯ ಸಾಮಾನ್ಯ ಮಾರಾಟದ ಸಾಲು ಬೇರೆ, ಇದು ಬೇರೆ. ತುರ್ಕಿಯ ಸುಲ್ತಾನ ಎರಡನೇ ಅಬ್ದುಲ್ ಹಮೀದ್ ಕಾಲದಲ್ಲಿ, 1897ರಲ್ಲಿ ಹೋದ 1,000 ಪಿಸ್ತೂಲುಗಳದ್ದೂ ಪ್ರತ್ಯೇಕ ಸಾಲು, ಅದೂ ಅರಬ್ಬಿ ಅಂಕಿಗಳಲ್ಲಿ. ಅವುಗಳ ಸೈಟಿನ ಮೇಲಿನ ದೂರದ ಅಂಕಿಗಳೂ ಹಾಗೆಯೇ. ಪರ್ಷಿಯಾಕ್ಕೆ ಹೋದವುಗಳ ಮೇಲೆ ಸಿಂಹ ಮತ್ತು ಸೂರ್ಯನ ಲಾಂಛನವಿದೆ. ಆ ಲಾಂಛನಕ್ಕೆ ಬೆಲೆ ಹೆಚ್ಚು, ಆದ್ದರಿಂದ ಸಾಮಾನ್ಯ ಪಿಸ್ತೂಲಿನ ಮೇಲೆ ಅದನ್ನು ಕೆತ್ತಿಸಿ ಮಾರುವವರೂ ಇದ್ದಾರೆ. ಎಲ್ಲಕ್ಕಿಂತ ದೊಡ್ಡ ಗೊಂದಲ ಹುಟ್ಟಿಸುವುದು ಮೊದಲ ಮಹಾಯುದ್ಧದ ಪಿಸ್ತೂಲುಗಳು. 1916ರಲ್ಲಿ ಜರ್ಮನ್ ಸೇನೆ 1,50,000 ಮೌಸರ್‌ಗಳಿಗೆ ಆದೇಶ ಕೊಟ್ಟಿತು. ಮೌಸರಿನ ಹುಟ್ಟುತೋಟಾ 7.63 ಮಿಲಿಮೀಟರಿನದು. ಸೇನೆ ಕೇಳಿದ್ದು ತನ್ನ 9 ಮಿಲಿಮೀಟರ್ ಪ್ಯಾರಬೆಲ್ಲಂ ತೋಟಾ ಹಿಡಿಸುವ ಪಿಸ್ತೂಲು. ಎರಡೂ ಕಂದಕದಲ್ಲಿ ಒಟ್ಟಿಗೆ ಇದ್ದು ಸೈನಿಕ ತಪ್ಪು ತೋಟಾ ತುಂಬಬಾರದೆಂದು ಹಿಡಿಯ ಮರದಲ್ಲಿ ದೊಡ್ಡದಾಗಿ 9 ಎಂದು ಕೊರೆದು ಕೆಂಪು ಬಣ್ಣ ತುಂಬಿದರು. ಅದಕ್ಕೇ ‘ರೆಡ್ ನೈನ್’ ಎಂಬ ಹೆಸರು. ಇವುಗಳ ಹಿಂದಿನ ಸೈಟು 500 ಮೀಟರಿಗೆ ನಿಲ್ಲುತ್ತದೆ, ಮಾರಾಟದವುಗಳಲ್ಲಿ ಅದು 1,000 ಮೀಟರಿನವರೆಗೂ ಹೋಗುತ್ತದೆ. ಮ್ಯಾಗಜೀನಿನ ಮುಂಭಾಗದಲ್ಲಿ ಸೇನೆ ಒಪ್ಪಿಕೊಂಡದ್ದರ ಗುರುತಾಗಿ ಹದ್ದಿನ ಮುದ್ರೆ ಇರುತ್ತದೆ. ಇವುಗಳ ನಂಬರೂ ಹೊಸದಾಗಿ 1ರಿಂದಲೇ ಶುರು.

ಇದರ ಪರಿಣಾಮ ನೋಡಿ. ನಾಲ್ಕಂಕಿಯ ಒಂದೇ ನಂಬರು 1897ರ ಕೋನ್ ಹ್ಯಾಮರ್ ಪಿಸ್ತೂಲಿನ ಮೇಲೂ ಇರಬಹುದು, ಇಟಲಿಯ ನೌಕಾಪಡೆಯದರ ಮೇಲೂ ಇರಬಹುದು, 1916ರ ರೆಡ್ ನೈನ್ ಮೇಲೂ ಇರಬಹುದು. ನಂಬರು ಚಿಕ್ಕದು ಎಂಬ ಒಂದೇ ಕಾರಣಕ್ಕೆ ‘19ನೇ ಶತಮಾನ’ ಎಂದು ಚೀಟಿ ಬರೆದರೆ ಇಪ್ಪತ್ತು ವರ್ಷದ ತಪ್ಪು. ಯಾವ ಬಗೆ ಎಂದು ತಿಳಿಯದೆ ನಂಬರು ಏನನ್ನೂ ಹೇಳುವುದಿಲ್ಲ. ನಂಬರಿಲ್ಲದೆ ಬಗೆಯೂ ಅರ್ಧಕ್ಕೇ ನಿಲ್ಲುತ್ತದೆ. ಎರಡನ್ನೂ ಜೊತೆಗೇ ಬರೆಯಬೇಕು ಎಂದು ನಾನು ಹಟ ಹಿಡಿಯುವುದು ಅದಕ್ಕೇ.

ಇದಕ್ಕಿಂತಲೂ ಸುಲಭವಾಗಿ ಮೋಸಹೋಗುವ ಗುರುತು ‘1920’. ಕೆಲವು ಪಿಸ್ತೂಲುಗಳ ಮೇಲೆ ಈ ನಾಲ್ಕು ಅಂಕಿ ಒತ್ತಿರುತ್ತದೆ. ನೋಡಿದ ತಕ್ಷಣ ತಯಾರಿಕೆಯ ವರ್ಷ ಎನ್ನಿಸುವುದು ಸಹಜ. ಆದರೆ ಅದು ಯುದ್ಧದಲ್ಲಿ ಸೋತ ಜರ್ಮನಿಯ ಹೊಸ ಸರ್ಕಾರ ತನ್ನ ಕೈಯಲ್ಲಿ ಉಳಿದ ಆಯುಧಗಳನ್ನು ಎಣಿಸಿ ಒತ್ತಿದ ಸ್ವತ್ತಿನ ಮುದ್ರೆ. ಪಿಸ್ತೂಲು ಅದಕ್ಕಿಂತ ಹಳೆಯದು. ವರ್ಸೈ ಒಪ್ಪಂದದ ನಿರ್ಬಂಧಗಳಿಗೆ ಹೊಂದಿಸಲು ಉದ್ದ ನಳಿಗೆಗಳನ್ನು 99 ಮಿಲಿಮೀಟರಿಗೆ ಕತ್ತರಿಸಿದರು, ಏರುವ ಸೈಟು ತೆಗೆದು ಸಾದಾ ಸೈಟು ಕೂರಿಸಿದರು. ಹೀಗೆ ಮೊಟಕಾದ ಪಿಸ್ತೂಲಿಗೂ ಅದರ ಹಿಂದೆಯೇ ಬಂದ, ಹುಟ್ಟಿನಿಂದಲೇ ಮೊಟಕಾದ ‘ಬೋಲೊ’ ಮಾದರಿಗೂ ನಳಿಗೆಯ ಅಳತೆ ಒಂದೇ. ಬೋಲೊ ಎಂದರೆ ಬೋಲ್ಶೆವಿಕ್, ಸೋವಿಯತ್ ರಷ್ಯಾ ಅವುಗಳನ್ನು ಬಹಳವಾಗಿ ಕೊಂಡಿತು. ಬೋಲೊದ ಹಿಡಿಯೂ ಚಿಕ್ಕದು. ಕತ್ತರಿಸಿದ ಹಳೆಯ ಪಿಸ್ತೂಲಿನ ಹಿಡಿ ಮೊದಲಿನಷ್ಟೇ ದೊಡ್ಡದು. ಹಿಡಿಯ ಅಳತೆ ತೆಗೆದುಕೊಳ್ಳದೆ ನಳಿಗೆಯನ್ನಷ್ಟೇ ಅಳೆದವರು ಸಾಮಾನ್ಯವಾಗಿ ಇಲ್ಲಿ ಎಡವುತ್ತಾರೆ.

1930ರ ಮಾದರಿಯನ್ನು ಬೇಗ ಗುರುತಿಸಬಹುದು. ಹಿಡಿಯ ಮರದ ಗೀರುಗಳು ಅಗಲವಾಗಿ, ಎಣಿಸಿದರೆ 12. ಮೊದಲಿನವುಗಳಲ್ಲಿ ಇದಕ್ಕಿಂತ ಬಹಳ ಹೆಚ್ಚು, ಸಣ್ಣ ಸಣ್ಣ ಗೀರುಗಳು. ನಳಿಗೆ ಚೌಕಟ್ಟಿಗೆ ಕೂಡುವಲ್ಲಿ ಮೆಟ್ಟಿಲಿನಂತೆ ಇಳಿಯುತ್ತದೆ. 1920ರ ದಶಕದಿಂದ ಕಾಣುವ ಮೌಸರ್ ಪತಾಕೆಯ ಲಾಂಛನ ಎಡಬದಿಯಲ್ಲಿ ಎದ್ದು ಕಾಣುತ್ತದೆ. ಇದರ ಬೆನ್ನಿಗೇ, 1932ರ ಹೊತ್ತಿಗೆ, ‘ಶ್ನೆಲ್‌ಫೊಯರ್’ ಬಂತು. ಎಡಬದಿಯಲ್ಲಿ ಎನ್ ಮತ್ತು ಆರ್ ಅಕ್ಷರಗಳ ನಡುವೆ ಸರಿಯುವ ಒಂದು ಗುಂಡಿ, ಕೆಳಗಿನಿಂದ ಕಳಚಬಹುದಾದ 10 ಅಥವಾ 20 ತೋಟಾಗಳ ಮ್ಯಾಗಜೀನು. ಎನ್ ಎಂದರೆ ಒಂದೊಂದಾಗಿ, ಆರ್ ಎಂದರೆ ಟ್ರಿಗರ್ ಒತ್ತಿದಷ್ಟು ಹೊತ್ತು ಸುರಿಮಳೆ. ಒಂದು ವಸ್ತುಸಂಗ್ರಹಾಲಯದಲ್ಲಿ ಇಂಥದರ ಮುಂದೆ ‘1896’ ಎಂದು ಬರೆದದ್ದನ್ನು ನೋಡಿ ಬಹಳ ಹೊತ್ತು ನಿಂತಿದ್ದೇನೆ. ಮೂವತ್ತಾರು ವರ್ಷ ತಪ್ಪಿದ್ದು ಒಂದು ಕಡೆ ಇರಲಿ. ನಮ್ಮ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಟ್ರಿಗರ್ ಒತ್ತಿ ಹಿಡಿದರೆ ಗುಂಡು ಹೊಡೆಯುತ್ತಲೇ ಇರುವ ಆಯುಧ ನಿಷೇಧಿತ ವರ್ಗಕ್ಕೆ ಸೇರುತ್ತದೆ. ಮನೆತನದವರೇ, ನಿಮ್ಮ ಲೈಸೆನ್ಸಿನಲ್ಲಿ ಬರೀ ‘ಮೌಸರ್ ಪಿಸ್ತೂಲು’ ಎಂದಿದ್ದು, ಬೀರುವಿನಲ್ಲಿರುವುದರ ಎಡಬದಿಯಲ್ಲಿ ಆ ಗುಂಡಿ ಇದ್ದರೆ, ಬೇರೆಯವರು ನೋಡಿ ಹೇಳುವ ಮೊದಲು ನೀವೇ ಲೈಸೆನ್ಸ್ ಕೊಡುವ ಅಧಿಕಾರಿಯ ಬಳಿ ಹೋಗಿ ವಿಷಯ ತಿಳಿಸಿ.

ಎಲ್ಲ ಮೌಸರ್‌ಗಳೂ ಮೌಸರ್ ಅಲ್ಲ ಎಂಬುದೂ ನೆನಪಿರಲಿ. ಸ್ಪೇನಿನ ಗೆರ್ನಿಕಾ ಊರಿನ ಉನ್ಸೆಟಾ ಕಂಪನಿ 1927ರ ಸುಮಾರಿನಿಂದ ಆಸ್ಟ್ರಾ 900 ಎಂಬ ಹೆಸರಲ್ಲಿ ಹೊರಗಿನಿಂದ ಥೇಟ್ ಹೀಗೇ ಕಾಣುವ ಪಿಸ್ತೂಲು ಮಾಡಿತು. ಅದರ ಎಡಬದಿಯ ತಗಡು ಜಾರಿ ಬರುತ್ತದೆ. ಮೌಸರಿನಲ್ಲಿ ಅಂಥ ತಗಡೇ ಇಲ್ಲ. ಚೀನಾದ ಶಾನ್ಸಿ ಪ್ರಾಂತ್ಯದಲ್ಲಿ ಯಾನ್ ಷಿಷಾನ್ ಎಂಬ ಸೇನಾಧಿಪತಿ ತನ್ನ ಕಾರ್ಖಾನೆಯಲ್ಲಿ .45 ಬೋರಿನ ದಪ್ಪ ಮೌಸರ್‌ಗಳನ್ನು ಮಾಡಿಸಿದ. ಅವುಗಳ ಮೇಲೆ ಚೀನೀ ಲಿಪಿಯಲ್ಲಿ ‘ಮಾದರಿ 17’ ಎಂದಿದೆ. 17 ಎಂದರೆ ಗಣರಾಜ್ಯದ 17ನೇ ವರ್ಷ, ಅಂದರೆ 1928. ನಮಗೆ ಹೆಚ್ಚು ಹತ್ತಿರವಾದದ್ದು ವಾಯವ್ಯ ಗಡಿಯ ದರ್ರಾ ಆದಂ ಖೇಲ್. ಅಲ್ಲಿನ ಕುಶಲಿಗಳು ಅರ, ಉಳಿ ಹಿಡಿದು ಮೌಸರನ್ನು ಕೈಯಿಂದಲೇ ತಯಾರಿಸಿದರು. ಅವರಿಗೆ ಓದಲು ಬಾರದ ಲಿಪಿಯನ್ನು ಚಿತ್ರದಂತೆ ಕೆತ್ತಿದ್ದರಿಂದ ಎನ್ ಅಕ್ಷರ ತಿರುಗಿರುತ್ತದೆ, ‘ಒಬರ್ನ್‌ಡಾರ್ಫ್’ ಕಾಗುಣಿತ ಅಡ್ಡಾದಿಡ್ಡಿಯಾಗಿರುತ್ತದೆ, ಸಾಲು ನೇರ ಇರುವುದಿಲ್ಲ. ಇಂಥದು ನಿಮ್ಮಲ್ಲಿದ್ದರೆ ‘ನಕಲಿ’ ಎಂದು ಮೂಲೆಗೆ ತಳ್ಳಬೇಡಿ. ಅದನ್ನು ಮಾಡಿದ ಊರಿನ ಹೆಸರಿನಲ್ಲೇ ಪ್ರದರ್ಶಿಸಿ. ಬರೀ ಕೈಯಲ್ಲಿ ಆ ಯಂತ್ರವನ್ನು ಕಟ್ಟಿದವನ ಕೆಲಸಕ್ಕೆ ಅವನದೇ ಚೀಟಿ ಬೇಕು.

ಇಷ್ಟೆಲ್ಲ ಹೇಳಿದ್ದು ಮುಖ್ಯವಾಗಿ ಕಲ್ಕತ್ತೆಯ ರೊಡ್ಡಾ ಪ್ರಕರಣಕ್ಕೆ ಬರುವುದಕ್ಕಾಗಿ. 1914ರ ಆಗಸ್ಟ್ 26, ಬುಧವಾರ. ರೊಡ್ಡಾ ಅಂಡ್ ಕಂಪನಿ ಎಂಬ ಆಯುಧ ವ್ಯಾಪಾರಿಗಳ ಗುಮಾಸ್ತ ಶ್ರೀಶಚಂದ್ರ ಮಿತ್ರ ಕಸ್ಟಮ್ಸ್ ಕಚೇರಿಯಿಂದ 202 ಪೆಟ್ಟಿಗೆಗಳನ್ನು ಬಿಡಿಸಿಕೊಂಡ. ವಾನ್ಸಿಟಾರ್ಟ್ ರೋದ ಗೋದಾಮಿಗೆ 192 ತಂದ. ಉಳಿದದ್ದನ್ನು ತರುತ್ತೇನೆಂದು ಹೋದವನು ಮರಳಲಿಲ್ಲ. ಆ 10 ಪೆಟ್ಟಿಗೆಗಳಲ್ಲಿ 50 ಮೌಸರ್ ಪಿಸ್ತೂಲುಗಳು, 46,000 ತೋಟಾಗಳಿದ್ದವು. 1918ರ ರೌಲತ್ ಸಮಿತಿಯ ವರದಿಯಲ್ಲಿ ಇದೆಲ್ಲ ವಿವರವಾಗಿದೆ. 44 ಪಿಸ್ತೂಲುಗಳು ಹೆಚ್ಚುಕಡಿಮೆ ತಕ್ಷಣವೇ ಬಂಗಾಳದ ಒಂಬತ್ತು ಕ್ರಾಂತಿಕಾರಿ ಗುಂಪುಗಳಿಗೆ ಹಂಚಿಹೋದವು, 54 ಪ್ರಕರಣಗಳಲ್ಲಿ ಬಳಕೆಯಾದವು, ವರದಿ ಬರೆಯುವ ಹೊತ್ತಿಗೆ 31 ಮರಳಿ ಸಿಕ್ಕಿದ್ದವು. 1915ರ ಸೆಪ್ಟೆಂಬರ್ 9ರಂದು ಬಾಲಸೋರಿನ ಬಳಿ ಬಂಗಾಳದ ಕ್ರಾಂತಿಕಾರಿ ಬಾಘಾ ಜತಿನ್ ಮತ್ತು ಅವರ ನಾಲ್ವರು ಸಂಗಾತಿಗಳು ಪೊಲೀಸರನ್ನು ಎದುರಿಸಿ ನಿಂತಾಗ ಅವರ ಕೈಯಲ್ಲಿದ್ದದ್ದು ಮೌಸರ್‌ಗಳೇ.

ಅದೇ ವರದಿಯಲ್ಲಿ ಇನ್ನೊಂದು ಸಾಲಿದೆ, ಚರಿತ್ರೆ ಬರೆಯುವವರು ಅದನ್ನು ಸಾಮಾನ್ಯವಾಗಿ ದಾಟಿಹೋಗುತ್ತಾರೆ. ಪ್ರತಿ ಪಿಸ್ತೂಲಿಗೂ ನಂಬರು ಇತ್ತು, ಆ ನಂಬರುಗಳ ದಾಖಲೆ ರೊಡ್ಡಾ ಕಂಪನಿಯ ಬಳಿ ಇತ್ತು. ಸಿಕ್ಕ ಮೌಸರ್ ರೊಡ್ಡಾದ್ದೋ ಅಲ್ಲವೋ ಎಂದು ಅಂದಿನ ಪೊಲೀಸರು ತೀರ್ಮಾನಿಸಬಲ್ಲವರಾಗಿದ್ದರು. ನಮ್ಮಿಂದ ಅದು ಆಗುತ್ತಿಲ್ಲ. ಆ ಐವತ್ತರಲ್ಲಿ 19 ಆಗ ಸಿಕ್ಕಿರಲಿಲ್ಲ. ಸಿಕ್ಕಿದ್ದ 31 ಕೂಡ ಮೊಕದ್ದಮೆ ಮುಗಿದ ಮೇಲೆ ಯಾವ ಯಾವ ಶಸ್ತ್ರಾಗಾರಕ್ಕೆ, ಯಾವ ತರಬೇತಿ ಶಾಲೆಗೆ ಹೋದವೋ. ಭಗತ್ ಸಿಂಗರ ಕೋಲ್ಟ್ ಲಾಹೋರಿನ ಮೊಕದ್ದಮೆಯಿಂದ ಫಿಲ್ಲೌರ್, ಅಲ್ಲಿಂದ ಇಂದೋರ್ ತಲುಪಿತು. ಬಂಗಾಳದ ಮೌಸರ್‌ಗಳೂ ದೂರದೂರ ಹೋಗಿರಬಹುದು. ನಮ್ಮ ರಾಜ್ಯದ ಒಂದು ಹಳೆಯ ಪೆಟ್ಟಿಗೆಯೊಳಗೂ ಒಂದು ಇದ್ದರೆ ಆಶ್ಚರ್ಯಪಡಬೇಕಾಗಿಲ್ಲ.

‘ರೊಡ್ಡಾ ಮೌಸರ್’ ಎಂದು ಯಾರಾದರೂ ಒಂದನ್ನು ಮುಂದಿಟ್ಟರೆ ಬಗೆಯ ಅರಿವು ಹೇಗೆ ನೆರವಾಗುತ್ತದೆ ನೋಡಿ. 1914ರ ಆಗಸ್ಟಿನಲ್ಲಿ ಕಲ್ಕತ್ತೆಯ ಬಂದರಿನಲ್ಲಿದ್ದ ಪಿಸ್ತೂಲಿನ ಹಿಡಿಯಲ್ಲಿ 1916ರ ಕೆಂಪು 9 ಇರಲು ಸಾಧ್ಯವಿಲ್ಲ. ಮೇಲೆ ‘1920’ ಎಂದಿರಲು ಸಾಧ್ಯವಿಲ್ಲ. ಪತಾಕೆಯ ಲಾಂಛನವಾಗಲಿ, 12 ಗೀರಿನ ಮೂಲ ಹಿಡಿಯಾಗಲಿ, ಎನ್-ಆರ್ ಗುಂಡಿಯಾಗಲಿ ಇರಲು ಸಾಧ್ಯವಿಲ್ಲ. ವರದಿ ಅವುಗಳನ್ನು .300 ಬೋರ್ ಎನ್ನುತ್ತದೆ, ಅಂದರೆ 7.63 ಮಿಲಿಮೀಟರಿನವು. ಆದ್ದರಿಂದ 9 ಮಿಲಿಮೀಟರಿನದಾಗಲಿ .45ರದಾಗಲಿ ಆಗುವುದಿಲ್ಲ. ಮರದ ಪೆಟ್ಟಿಗೆಯನ್ನು ಹಿಡಿಗೆ ಸಿಕ್ಕಿಸಿ ಭುಜಕ್ಕಿಟ್ಟು ಹೊಡೆಯಬಹುದಿತ್ತು ಎಂದೂ ಹೇಳಿದೆ. ಆದ್ದರಿಂದ ಹಿಡಿಯ ಹಿಂಬದಿಯಲ್ಲಿ ಪೆಟ್ಟಿಗೆ ಸಿಕ್ಕಿಸುವ ತೋಡು ಇರಲೇಬೇಕು. ಹೀಗೆ ಒಂದೊಂದಾಗಿ ತೆಗೆದುಹಾಕುತ್ತ ಬಂದರೆ ಹತ್ತರಲ್ಲಿ ಎಂಟು ಒಂಬತ್ತು ದಾವೆಗಳು ಅರ್ಧ ಗಂಟೆಯಲ್ಲಿ ಬಿದ್ದುಹೋಗುತ್ತವೆ. ಉಳಿದವನ್ನು ಮಾತ್ರ ನಂಬರು ಹಿಡಿದು ಹಳೆಯ ಮೊಕದ್ದಮೆಯ ಕಡತಗಳಲ್ಲಿ ಹುಡುಕಬೇಕು. ಕಾಕೋರಿ ರೈಲು ಪ್ರಕರಣದ ಕ್ರಾಂತಿಕಾರಿಗಳ ಬಳಿ ಇದ್ದ ಮೌಸರ್‌ಗಳಿಗೂ ಇದೇ ಪರೀಕ್ಷೆ ಸಲ್ಲುತ್ತದೆ, ಗಡುವು ಮಾತ್ರ 1925ರ ಆಗಸ್ಟ್ 9.

ಇದು ಕ್ರಾಂತಿಕಾರಿಗಳ ನೆನಪಿಗೆ ಮಾಡುವ ಅಗೌರವ ಎಂದು ಕೆಲವರಿಗೆ ಅನ್ನಿಸಬಹುದು. ನನಗೆ ಹಾಗನ್ನಿಸುವುದಿಲ್ಲ. ಬಾಘಾ ಜತಿನ್ ಸತ್ತು ಹದಿನೇಳು ವರ್ಷಗಳ ಮೇಲೆ ತಯಾರಾದ ಪಿಸ್ತೂಲಿನ ಮುಂದೆ ಮಕ್ಕಳನ್ನು ನಿಲ್ಲಿಸಿ ಅವರ ಹೆಸರು ಹೇಳುವುದೇ ಅಗೌರವ.

ಇನ್ನು ನಿಮ್ಮ ಕೈಯಲ್ಲಿರುವ ಕೆಲಸದ ಬಗ್ಗೆ. ಮೊದಲು ಆಯುಧ ಖಾಲಿ ಇದೆಯೆಂದು ಆರ್ಮರರ್ ಖಚಿತಪಡಿಸಲಿ, ಬಿಚ್ಚುವುದಿದ್ದರೂ ಅವರೇ ಬಿಚ್ಚಲಿ. ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು, ಓರೆಬೆಳಕಿನಲ್ಲಿ ಎರಡೂ ಬದಿ, ಮೇಲ್ಭಾಗ, ಹ್ಯಾಮರಿನ ಬದಿ ಮತ್ತು ಬೆನ್ನು, ಹಿಂದಿನ ಸೈಟಿನ ಅಂಕಿ, ಮ್ಯಾಗಜೀನಿನ ಮುಖ, ಹಿಡಿಯ ಎರಡೂ ಹಲಗೆ, ನಳಿಗೆಯ ಬಾಯಿ ಎಲ್ಲದರ ಫೋಟೊ ತೆಗೆಯಿರಿ. ಕಿರೀಟದ ಕೆಳಗೆ ಒಂದು ಅಕ್ಷರವಿರುವ ಪುಟ್ಟ ಮುದ್ರೆಗಳು ಜರ್ಮನ್ ಪರೀಕ್ಷಾಲಯದವು, ಅವನ್ನು ಬಿಡಬೇಡಿ. ಲಂಡನ್ ಅಥವಾ ಬರ್ಮಿಂಗ್‌ಹ್ಯಾಮಿನ ಪರೀಕ್ಷಾ ಮುದ್ರೆ ಇದ್ದರೆ ಆ ಪಿಸ್ತೂಲು ಇಂಗ್ಲೆಂಡಿನ ಮೂಲಕ ಬಂದದ್ದೆಂದು ತಿಳಿಯುತ್ತದೆ. ದೊಡ್ಡ ಭಾಗಗಳ ಮೇಲೆ ಪೂರ್ತಿ ನಂಬರೂ ಒಳಗಿನ ಸಣ್ಣ ಭಾಗಗಳ ಮೇಲೆ ಅದರ ಕೊನೆಯ ಅಂಕಿಗಳೂ ಇರುತ್ತವೆ. ಹೊಂದಿದರೆ ಹೊಂದುತ್ತದೆ ಎಂದು, ಹೊಂದದಿದ್ದರೆ ಯಾವುದು ಹೊಂದುವುದಿಲ್ಲ ಎಂದು ಬರೆಯಿರಿ. ಮರದ ಪೆಟ್ಟಿಗೆ ಇದ್ದರೆ ಅದರ ಕಬ್ಬಿಣದ ಮೇಲಿನ ನಂಬರನ್ನೂ ಹಿಡಿಯ ಹಲಗೆಯ ಒಳಮೈಯಲ್ಲಿ ಏನಾದರೂ ಇದ್ದರೆ ಅದನ್ನೂ ಬರೆಯಿರಿ. ಓದಲಾಗದ ಮುದ್ರೆಯ ಆಕಾರವನ್ನು ಪೆನ್ಸಿಲಿನಲ್ಲಿ ಬಿಡಿಸಿಟ್ಟರೂ ಸಾಕು. ಊಹಿಸಿ ಅಕ್ಷರ ತುಂಬಬೇಡಿ.

ತುಕ್ಕು ಹೆಚ್ಚದಂತೆ ತೆಳುವಾಗಿ ಎಣ್ಣೆ ಹಚ್ಚುವುದು ಬೇರೆ, ಉಜ್ಜಿ ಹೊಳಪಿಸುವುದು ಬೇರೆ. ಹೊಸದಾಗಿ ಬ್ಲೂಯಿಂಗ್ ಮಾಡಿಸಿದ ಪಿಸ್ತೂಲು ಕಣ್ಣಿಗೆ ಚಂದ, ಆದರೆ ಉಜ್ಜುವಾಗ ಮುದ್ರೆಗಳ ಅಂಚು ಕರಗಿ, ಕಿರೀಟ ಯಾವುದು ಅಕ್ಷರ ಯಾವುದು ಎಂದು ಗೊತ್ತಾಗದಂತಾಗುತ್ತದೆ. ಕಾಯ್ದೆಯೂ ಇಲ್ಲಿ ನಿಮ್ಮ ಬೆನ್ನಿಗಿದೆ. ಶಸ್ತ್ರಾಸ್ತ್ರ ಕಾಯ್ದೆಯ 8ನೇ ಸೆಕ್ಷನ್ ಬಂದೂಕಿನ ಮೇಲಿನ ಹೆಸರು, ನಂಬರು, ಗುರುತುಗಳನ್ನು ಅಳಿಸುವುದನ್ನೂ ಬದಲಿಸುವುದನ್ನೂ ನಿಷೇಧಿಸುತ್ತದೆ. ಅಪರಾಧ ತಡೆಯಲೆಂದು ಬರೆದ ಆ ಮಾತು ಚರಿತ್ರೆಯನ್ನೂ ಕಾಯುತ್ತದೆ. ಹೊಸ ಹಿಡಿ ಹಾಕಲೇಬೇಕಾದರೆ ಹಳೆಯದನ್ನು ಎಸೆಯದೆ, ಚೀಟಿ ಕಟ್ಟಿ ಅದೇ ಪೆಟ್ಟಿಗೆಯಲ್ಲಿಡಿ.

ಪೊಲೀಸ್ ಅಧಿಕಾರಿಗಳಲ್ಲಿ ವಿಶೇಷವಾಗಿ ಒಂದು ಬಿನ್ನಹ. ಜಪ್ತಿಯಾದ, ವಾರಸುದಾರರಿಲ್ಲದ ಹಳೆಯ ಆಯುಧಗಳನ್ನು ಕರಗಿಸಲು ಕಳಿಸುವಾಗ ಪಟ್ಟಿಯಲ್ಲಿ ‘ಮೌಸರ್’ ಎಂಬ ಹೆಸರು ಕಂಡರೆ ಆ ಒಂದನ್ನು ಪಕ್ಕಕ್ಕಿಡಿ. ನಂಬರು, ಫೋಟೊ, ಬಗೆ ದಾಖಲಾಗಿ, ರಾಜ್ಯದ ಪುರಾತತ್ವ ಇಲಾಖೆಯವರೋ ವಸ್ತುಸಂಗ್ರಹಾಲಯದವರೋ ಒಮ್ಮೆ ನೋಡುವವರೆಗೆ ಅದು ಕುಲುಮೆಗೆ ಹೋಗುವುದು ಬೇಡ. ಸಂಗ್ರಹಾಲಯದವರು ತಮ್ಮಲ್ಲಿರುವ ಪಿಸ್ತೂಲುಗಳ ನಂಬರನ್ನು ಗುಟ್ಟಾಗಿಡದೆ ಸಂಶೋಧಕರು ಕೇಳಿದರೆ ಕೊಡಲಿ. ಕಲ್ಕತ್ತೆಯ ಕಡತದಲ್ಲಿರುವ ಒಂದು ನಂಬರೂ ಬೆಂಗಳೂರಿನ ಬೀರುವಿನಲ್ಲಿರುವ ಒಂದು ನಂಬರೂ ಒಂದೇ ಎಂದು ತಿಳಿಯಬೇಕಾದರೆ ಎರಡೂ ಕಡೆ ಅದನ್ನು ಬರೆದಿಟ್ಟಿರಬೇಕು. ನಿಮ್ಮ ಕಡೆಯದನ್ನು ಈ ವರ್ಷವೇ ಬರೆದಿಡಿ.

ಇತಿ,
ಹಳೆಯ ಆಯುಧಗಳ ಚರಿತ್ರೆಯ ಒಬ್ಬ ವಿದ್ಯಾರ್ಥಿ